ತೂಕ ಇಳಿಸುವ ಆಪರೇಷನ್ ನಂತರದ ವಾಕರಿಕೆ: ಗಲ್ಲಾಕ್ಕೆ ಮರಳುವ ಮುನ್ನ ತಿಳಿದಿರಬೇಕಾದ ವಿಷಯಗಳು



ನೂರಾರು ಜನರಿಗೆ ಹೊತ್ತುಹೊತ್ತಿಗೆ ಊಟ ಬಡಿಸುವ ನಮಗೆ ನಮ್ಮ ಊಟಕ್ಕೇ ಹೊತ್ತಿಲ್ಲ. ಹಾಲಿನ ಗಾಡಿ ಬರುವ ಮೊದಲೇ ಏಳುತ್ತೇವೆ. ಗಲ್ಲಾದಲ್ಲಿ ಕುಳಿತು ದಿನಕ್ಕೆ ಆರೇಳು ಕಟಿಂಗ್ ಚಹಾ ಕುಡಿಯುತ್ತೇವೆ. ಸಾಂಬಾರು, ಚಟ್ನಿ, ಶೀರಾಗಳ ರುಚಿ ನೋಡುತ್ತೇವೆ. ಶಟರ್ ಎಳೆದ ಮೇಲೆ ರಾತ್ರಿ ಹನ್ನೆರಡಕ್ಕೆ ಹೊಟ್ಟೆ ತುಂಬ ಉಂಡು ಮಲಗುತ್ತೇವೆ. ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಈ ಮೂರೂ ನಮ್ಮ ಕಸುಬಿನವರಿಗೆ ಹೊಸತಲ್ಲ. ಪಥ್ಯ, ನಡಿಗೆ, ಔಷಧಿ ಯಾವುದಕ್ಕೂ ತೂಕ ಜಗ್ಗದಿದ್ದಾಗ ಕೆಲವರು ವೈದ್ಯರ ಸಲಹೆಯಂತೆ ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಳ್ಳುತ್ತಾರೆ.

ಆಪರೇಷನ್ ಬೇಕೇ ಬೇಡವೇ ಎಂಬುದು ವೈದ್ಯರೂ ಮನೆಯವರೂ ಕುಳಿತು ತೀರ್ಮಾನಿಸಬೇಕಾದ ವಿಷಯ. ನಾವು ಇಲ್ಲಿ ಹೇಳಹೊರಟಿರುವುದು ಅದರ ನಂತರದ ಮಾತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೆಚ್ಚಿನವರನ್ನು ಕಾಡುವುದು ಗಾಯದ ನೋವಿಗಿಂತ ವಾಕರಿಕೆ. ಈ ವಿಷಯದಲ್ಲಿ ಎರಡು ಮಾತು ನೆನಪಿಡಬೇಕು. ಒಂದು, ಬಹುಪಾಲು ವಾಕರಿಕೆ ನಾವು ತಿನ್ನುವ, ಕುಡಿಯುವ ರೀತಿಯಿಂದ ಬರುತ್ತದೆ; ಅದನ್ನು ತಿದ್ದಿಕೊಳ್ಳಬಹುದು. ಎರಡು, ನಿಲ್ಲದ ವಾಂತಿಯನ್ನು ‘ಆಪರೇಷನ್ ಆದವರಿಗೆಲ್ಲ ಹೀಗೇ’ ಎಂದು ಸಹಿಸಿಕೊಂಡು ಕೂರಬಾರದು.

ಹೊಟ್ಟೆಯೊಳಗೆ ಏನು ಬದಲಾಗಿರುತ್ತದೆ?

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಅವರು 1966ರಲ್ಲಿ ಬೊಜ್ಜಿಗಾಗಿ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಸಣ್ಣ ಚೀಲವೊಂದನ್ನು ಉಳಿಸಿ ಅದಕ್ಕೆ ನೇರವಾಗಿ ಸಣ್ಣ ಕರುಳನ್ನು ಜೋಡಿಸುತ್ತಾರೆ. ಈ ಚೀಲದಲ್ಲಿ ಹಿಡಿಯುವುದು ಸುಮಾರು 30 ಮಿ.ಲೀ., ಅಂದರೆ ಎರಡು ದೊಡ್ಡ ಚಮಚದಷ್ಟು. ಇಂದು ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ವಿಧ ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಮುಕ್ಕಾಲು ಭಾಗ ಅಥವಾ ಸ್ವಲ್ಪ ಹೆಚ್ಚನ್ನು ತೆಗೆದು ಬಾಳೆಹಣ್ಣಿನ ಆಕಾರದ ಕೊಳವೆಯನ್ನು ಉಳಿಸುತ್ತಾರೆ. ಅದರಲ್ಲಿ ಹಿಡಿಯುವುದು 100ರಿಂದ 150 ಮಿ.ಲೀ., ಅಂದರೆ ಸುಮಾರು ಒಂದು ಲೋಟ ಚಹಾದಷ್ಟು.

ನಾವು ಅಡುಗೆಮನೆಯಲ್ಲಿ ದಿನವೂ ನೋಡುವ ಲೆಕ್ಕವೇ ಇದು. ಸಣ್ಣ ಪಾತ್ರೆಗೆ ದೊಡ್ಡ ಸೌಟಿನಿಂದ ಸುರಿದರೆ ಚೆಲ್ಲುತ್ತದೆ. ಇಲ್ಲಿ ಚೆಲ್ಲುವುದೇ ವಾಂತಿ.

ವಾಕರಿಕೆ ಏಕೆ ಬರುತ್ತದೆ?

ಮೊದಲ ಎರಡು ಮೂರು ದಿನ ಅರಿವಳಿಕೆಯ ಔಷಧಿ, ನೋವಿನ ಔಷಧಿ ಮತ್ತು ಹೊಲಿದ ಜಾಗದ ಊತದಿಂದ ವಾಕರಿಕೆ ಬರುತ್ತದೆ. ಇದು ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಮನೆಗೆ ಬಂದ ಮೇಲಿನ ಕಾರಣಗಳು ಬೇರೆ:

1. ಮೈಯಲ್ಲಿ ನೀರು ಕಡಿಮೆಯಾಗುವುದು. ಹೊಟ್ಟೆ ತೊಳಸುತ್ತದೆಂದು ನೀರು ಬಿಡುತ್ತಾರೆ, ನೀರು ಬಿಟ್ಟದ್ದರಿಂದ ಇನ್ನಷ್ಟು ತೊಳಸುತ್ತದೆ. ಮೂತ್ರ ಕಡುಹಳದಿಯಾಗಿದ್ದರೆ, ಎದ್ದಾಗ ತಲೆ ತಿರುಗಿದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ.

2. ಬೇಗ ತಿನ್ನುವುದು, ಅಗಿಯದೆ ನುಂಗುವುದು, ‘ಇನ್ನೊಂದೇ ತುತ್ತು’ ಎನ್ನುವುದು.

3. ಊಟದ ನಡುವೆ ನೀರು, ಮಜ್ಜಿಗೆ ಕುಡಿಯುವುದು.

4. ಸಿಹಿ. ಮುಖ್ಯವಾಗಿ ಬೈಪಾಸ್ ಆದವರಲ್ಲಿ ಸಕ್ಕರೆ ಪದಾರ್ಥ ನೇರವಾಗಿ ಕರುಳಿಗೆ ಇಳಿದು 10ರಿಂದ 30 ನಿಮಿಷದಲ್ಲಿ ವಾಕರಿಕೆ, ಹೊಟ್ಟೆ ಮುರಿತ, ಬೆವರು, ಎದೆ ಡವಡವ, ಭೇದಿ ಬರಬಹುದು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ನಡುಕ, ಸುಸ್ತು ಬರುವುದೂ ಉಂಟು.

5. ಬರಿ ಹೊಟ್ಟೆಯಲ್ಲಿ ಕಬ್ಬಿಣಾಂಶದ ಮಾತ್ರೆ, ವಿಟಮಿನ್ ಮಾತ್ರೆ ನುಂಗುವುದು.

6. ಮಲಬದ್ಧತೆ, ಜಠರದ ಆಮ್ಲ ಮತ್ತು ವಾಸನೆ. ಮೊದಲು ಇಷ್ಟವಾಗಿದ್ದ ಒಗ್ಗರಣೆಯ ವಾಸನೆಯೇ ಈಗ ತಡೆಯದಾಗಬಹುದು.

ವಾರದಿಂದ ವಾರಕ್ಕೆ ಆಹಾರ

ನಿಮ್ಮ ಸರ್ಜನ್ ಮತ್ತು ಪಥ್ಯತಜ್ಞರು ಕೊಟ್ಟ ಚೀಟಿಯೇ ಅಂತಿಮ. ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ:

ಮೊದಲ ಒಂದೆರಡು ದಿನ: ನೀರು, ಸೋಸಿದ ಬೇಳೆಕಟ್ಟು, ಸೋಸಿದ ತರಕಾರಿ ಸಾರಿನ ತಿಳಿ. ಖಾರ, ಒಗ್ಗರಣೆ ಇಲ್ಲ.

ಎರಡನೆಯ ವಾರದ ಕೊನೆಯವರೆಗೆ: ಕೆನೆ ತೆಗೆದ ಹಾಲು, ತೆಳು ಮಜ್ಜಿಗೆ, ತೆಳ್ಳಗಿನ ತೊವ್ವೆ, ವೈದ್ಯರು ಹೇಳಿದ ಪ್ರೋಟೀನ್ ಪುಡಿ.

ಮೂರು, ನಾಲ್ಕನೆಯ ವಾರ: ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಆಹಾರ. ಗಟ್ಟಿ ಮೊಸರು, ಕಡೆದ ಬೇಳೆ, ಹಿಸುಕಿದ ಪನೀರ್, ಮಾಂಸಾಹಾರಿಗಳಿಗೆ ಮೊಟ್ಟೆ.

ಐದು, ಆರನೆಯ ವಾರ: ಮೆತ್ತಗಿನ ಆಹಾರ. ಬೇಯಿಸಿದ ತರಕಾರಿ, ಮೃದುವಾದ ಮೀನು, ತೊವ್ವೆಯಲ್ಲಿ ನೆನೆದ ಇಡ್ಲಿಯ ತುಂಡು.

ಆರರಿಂದ ಎಂಟು ವಾರಗಳ ನಂತರ ಮನೆಯ ಮಾಮೂಲಿ ಊಟವನ್ನು ಒಂದೊಂದಾಗಿ ಪರೀಕ್ಷಿಸಿ ನೋಡಬಹುದು. ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ ಇರಲಿ; ಆಗ ಯಾವುದು ಒಗ್ಗಲಿಲ್ಲ ಎಂಬುದು ಗೊತ್ತಾಗುತ್ತದೆ. ಪಾವ್, ಒಣ ಚಪಾತಿ, ಉದುರು ಅನ್ನ, ಗಟ್ಟಿ ಮಾಂಸ ಹಲವರಿಗೆ ಗಂಟಲ ಕೆಳಗೆ ಸಿಕ್ಕಿಕೊಂಡಂತಾಗಿ ಬಾಯಲ್ಲಿ ನೊರೆಜೊಲ್ಲು ಬರುತ್ತದೆ. ಇವುಗಳಿಗೆ ಆತುರ ಬೇಡ.

ಇಡ್ಲಿ ಮೆತ್ತಗಿದೆ, ಎಷ್ಟಾದರೂ ತಿನ್ನಬಹುದು ಎಂದು ನಮ್ಮವರು ತಿಳಿಯುವುದುಂಟು. ಆದರೆ ಒಂದು ಇಡ್ಲಿಯಲ್ಲಿರುವ ಪ್ರೋಟೀನ್ ಸುಮಾರು 2 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಇರುತ್ತದೆ. ದಿನಕ್ಕೆ ಬೇಕಾದದ್ದು ಸಾಮಾನ್ಯವಾಗಿ 60ರಿಂದ 80 ಗ್ರಾಂ. ಸಣ್ಣ ಪಾತ್ರೆಯಲ್ಲಿ ಮೊದಲು ತುಂಬಬೇಕಾದದ್ದು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಇಡ್ಲಿ, ಅನ್ನ.

ವಾಕರಿಕೆ ತಡೆಯುವ ಅಭ್ಯಾಸಗಳು

ನೀರನ್ನು ಗಟಗಟ ಕುಡಿಯಬಾರದು. ಆರಂಭದಲ್ಲಿ 15 ನಿಮಿಷಕ್ಕೆ 30 ಮಿ.ಲೀ.ಯಂತೆ ಗುಟುಕು ಗುಟುಕಾಗಿ ಕುಡಿಯಬೇಕು. ಔಷಧಿಯ ಜೊತೆ ಬರುವ ಅಳತೆಯ ಪ್ಲಾಸ್ಟಿಕ್ ಲೋಟ ಇದಕ್ಕೆ ಅನುಕೂಲ. ಎಚ್ಚರವಿದ್ದಾಗಲೆಲ್ಲ ಹೀಗೆ ಕುಡಿಯುತ್ತಾ, ಮುಂದಿನ ವಾರಗಳಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರಿಗೆ ಮುಟ್ಟಬೇಕು. ಊಟದ ಜೊತೆ ನೀರು ಬೇಡ. ಊಟವಾಗಿ ಅರ್ಧ ಗಂಟೆಯ ನಂತರ ಕುಡಿಯಿರಿ.

ಊಟಕ್ಕೆ ಕುಳಿತುಕೊಳ್ಳಿ. ಸಣ್ಣ ತಟ್ಟೆ, ಚಹಾ ಚಮಚ ಬಳಸಿ. ಪ್ರತಿ ತುತ್ತನ್ನು 20ರಿಂದ 30 ಸಲ ಅಗಿಯಿರಿ. ಒಂದು ಊಟಕ್ಕೆ 20ರಿಂದ 30 ನಿಮಿಷ ಕೊಡಿ. ಎದೆಗೂಡಿನ ಕೆಳಗೆ ಒತ್ತಿದಂತಾದರೆ, ಬಿಕ್ಕಳಿಕೆ ಬಂದರೆ, ಮೂಗು ಸೋರತೊಡಗಿದರೆ ಹೊಟ್ಟೆ ‘ಸಾಕು’ ಎನ್ನುತ್ತಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸಿ. ತಟ್ಟೆಯಲ್ಲಿ ಅನ್ನ ಬಿಡಬಾರದೆಂಬುದು ನಮ್ಮ ಹಿರಿಯರ ಸಂಸ್ಕಾರ, ನಿಜ. ಅದಕ್ಕಾಗಿ ಬಡಿಸಿಕೊಳ್ಳುವಾಗಲೇ ಕಡಿಮೆ ಬಡಿಸಿಕೊಳ್ಳಬೇಕು.

ಹೊಟ್ಟೆ ತೊಳಸಿದರೆ ಒಂದು ಸೋಡಾ ಕುಡಿಯುವುದು ನಮ್ಮ ಹಳೆಯ ರೂಢಿ. ಇಲ್ಲಿ ಅದು ಸಲ್ಲದು; ಗ್ಯಾಸ್ ತುಂಬಿ ಸಣ್ಣ ಹೊಟ್ಟೆ ಇನ್ನಷ್ಟು ಉಬ್ಬುತ್ತದೆ. ಬದಲಿಗೆ ತಣ್ಣಗಿನ ನೀರಿನ ಗುಟುಕು, ತೆಳುವಾದ ಶುಂಠಿ ನೀರು, ಮೂಗಿನ ಬಳಿ ನಿಂಬೆಹಣ್ಣಿನ ಹೋಳು ಹಿತವೆನಿಸುತ್ತದೆ. ಬಿಸಿ ಆಹಾರಕ್ಕಿಂತ ತಣಿದ ಆಹಾರದ ವಾಸನೆ ಕಡಿಮೆ. ವಾಂತಿಯಾದರೆ ಆ ದಿನ ಮತ್ತೆ ಗಟ್ಟಿ ಆಹಾರಕ್ಕೆ ಹೋಗದೆ ದ್ರವ ಆಹಾರಕ್ಕೆ ಹಿಂದಿರುಗಿ.

ಗಲ್ಲಾಕ್ಕೆ ಮರಳಿದಾಗ

ಕುಳಿತು ಮಾಡುವ ಕೆಲಸಕ್ಕೆ ಅನೇಕರು ಎರಡು ಮೂರು ವಾರದಲ್ಲಿ ಮರಳುತ್ತಾರೆ. ಆದರೆ ಗ್ಯಾಸ್ ಸಿಲಿಂಡರ್, ಹಿಟ್ಟಿನ ಮೂಟೆ, ತುಂಬಿದ ಪಾತ್ರೆ ಎತ್ತುವ ಕೆಲಸ ನಾಲ್ಕರಿಂದ ಆರು ವಾರ ಬೇಡ.

ರುಚಿ ನೋಡುವ ಕೆಲಸವನ್ನು ಆರೆಂಟು ವಾರ ಭಟ್ಟರಿಗೋ ಮಗನಿಗೋ ವಹಿಸಿ. ಒಂದು ಚಮಚ ಸಾಂಬಾರು ಏನು ಮಹಾ ಎನಿಸಬಹುದು. ಹತ್ತು ಮಿ.ಲೀ.ಯ ಹತ್ತು ಚಮಚವಾದರೆ 100 ಮಿ.ಲೀ.; ಸ್ಲೀವ್ ಆದವರ ಹೊಟ್ಟೆ ಅಷ್ಟಕ್ಕೇ ತುಂಬಿತು. ಒಗ್ಗರಣೆ, ಕರಿಯುವ ಎಣ್ಣೆಯ ವಾಸನೆ ತಡೆಯದಿದ್ದರೆ ಅಡುಗೆಮನೆಯಿಂದ ದೂರ, ಗಾಳಿಯಾಡುವ ಕಡೆ ಕುಳಿತುಕೊಳ್ಳಿ. ಮಧ್ಯಾಹ್ನದ ಗದ್ದಲ ಶುರುವಾಗುವ ಮೊದಲೇ ನಿಮ್ಮ ಊಟ ಮುಗಿಯಲಿ. ಆ ಅರ್ಧ ಗಂಟೆ ಗಲ್ಲಾದಲ್ಲಿ ಬೇರೆಯವರು ಕೂರಲಿ. ರಾತ್ರಿಯ ಊಟವೂ ಮಲಗುವ ಎರಡು ಮೂರು ಗಂಟೆ ಮೊದಲೇ ಆಗಬೇಕು. ಶಟರ್ ಎಳೆಯುವವರೆಗೆ ಕಾದರೆ ಹುಳಿತೇಗು, ವಾಕರಿಕೆ ತಪ್ಪದು.

ಔಷಧಿಯ ವಿಷಯ

ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಹಳೆಯ ಪ್ರಮಾಣದಲ್ಲೇ ಮುಂದುವರಿಸಬೇಡಿ, ನೀವೇ ಬಿಡಲೂ ಬೇಡಿ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಇವುಗಳ ಅಗತ್ಯ ಕಡಿಮೆಯಾಗುವುದುಂಟು. ವೈದ್ಯರಿಂದ ಹೊಸ ಪ್ರಮಾಣ ಬರೆಸಿಕೊಳ್ಳಿ. ಸಕ್ಕರೆ ಕುಸಿದರೂ ವಾಕರಿಕೆ, ಬೆವರು ಬರುತ್ತದೆ. ಕಾಲುನೋವಿಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು. ಮುಖ್ಯವಾಗಿ ಬೈಪಾಸ್ ಆದವರಲ್ಲಿ ಹುಣ್ಣಾಗುವ ಭಯವಿದೆ. ಬೀಡಿ ಸಿಗರೇಟಿನಿಂದಲೂ ಅದೇ ಭಯ. ಕಬ್ಬಿಣಾಂಶದ ಮಾತ್ರೆಯನ್ನು ಚಹಾದ ಜೊತೆ ತೆಗೆದುಕೊಳ್ಳಬಾರದು. ಅದಕ್ಕೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರವಿರಲಿ.

ವಾಕರಿಕೆ ನಿಲ್ಲಿಸಲು ವೈದ್ಯರು ಸಾಮಾನ್ಯವಾಗಿ ಆಂಡಾನ್ಸೆಟ್ರಾನ್ ಎಂಬ ಮಾತ್ರೆ ಬರೆಯುತ್ತಾರೆ. ಅದರಿಂದ ಮಲಬದ್ಧತೆ ಆಗಬಹುದು. ಅದನ್ನೇ ನುಂಗುತ್ತಾ ವಾಂತಿಯ ಕಾರಣ ಹುಡುಕದೆ ದಿನ ದೂಡಬಾರದು.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

* 24 ಗಂಟೆ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಅಥವಾ ಮೂತ್ರ ತೀರ ಕಡಿಮೆಯಾದರೆ.
* 101 ಡಿಗ್ರಿ ಮೀರಿದ ಜ್ವರ, ಕುಳಿತಿದ್ದರೂ ನಿಮಿಷಕ್ಕೆ 120ರ ಮೇಲೆ ನಾಡಿ, ಹೆಚ್ಚುತ್ತಿರುವ ಹೊಟ್ಟೆನೋವು, ಎಡಭುಜದ ನೋವು. ಹೊಲಿಗೆಯ ಜಾಗ ಸೋರುತ್ತಿದ್ದರೆ ಹೀಗಾಗಬಹುದು.
* ಉಸಿರಾಟದ ತೊಂದರೆ, ಎದೆನೋವು, ಒಂದೇ ಮೀನಖಂಡದಲ್ಲಿ ಊತ, ನೋವು. ರಕ್ತ ಹೆಪ್ಪುಗಟ್ಟಿರಬಹುದು.
* ರಕ್ತವಾಂತಿ, ಡಾಂಬರಿನಂತೆ ಕಪ್ಪು ಮಲ.
* ಗಟ್ಟಿ ಆಹಾರ ಹೋಗುತ್ತಿದ್ದದ್ದು ನಿಂತು, ಕ್ರಮೇಣ ದ್ರವವೂ ಇಳಿಯದಾಗುವುದು. ದಾರಿ ಕಿರಿದಾಗಿರಬಹುದು, ಎಂಡೋಸ್ಕೋಪಿಯಿಂದ ಹಿಗ್ಗಿಸುತ್ತಾರೆ.
* ಕೆಲವು ತಿಂಗಳ ನಂತರ ಬಲಪಕ್ಕೆಯ ನೋವಿನೊಂದಿಗೆ ವಾಂತಿ. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗುವುದುಂಟು.

ಗ್ಲೂಕೋಸ್ ಬಾಟಲಿಯ ಮುನ್ನ ಬಿ1

ಇದನ್ನು ಎಲ್ಲರೂ, ಮನೆಯವರೂ ಸೇರಿ, ಗಮನವಿಟ್ಟು ಓದಬೇಕು. ಥಯಾಮಿನ್ ಎಂಬ ಬಿ1 ವಿಟಮಿನ್ ನಮ್ಮ ಮೈಯಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ದಾಸ್ತಾನು ಇರುತ್ತದೆ. ಹಿಂದೆ ಪಾಲಿಶ್ ಅಕ್ಕಿಯನ್ನೇ ಉಣ್ಣುವವರಲ್ಲಿ ಬರುತ್ತಿದ್ದ ಬೆರಿಬೆರಿ ಇದರ ಕೊರತೆಯ ಕಾಯಿಲೆ. ಆಪರೇಷನ್ ಆದವರಿಗೆ ವಾಂತಿ ವಾರಗಟ್ಟಲೆ ನಡೆದರೆ ಈ ದಾಸ್ತಾನು ಬರಿದಾಗುತ್ತದೆ. ಆಗ ಪಾದ ಜೋಮು ಹಿಡಿಯುವುದು, ನಡಿಗೆ ತಡವರಿಸುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತಿನಲ್ಲಿ ಗೊಂದಲ, ಮರೆವು ಕಾಣಿಸಿಕೊಳ್ಳಬಹುದು. ತಡವಾದರೆ ಮಿದುಳಿಗಾದ ಹಾನಿ ಶಾಶ್ವತವಾಗಿ ಉಳಿಯಬಹುದು. ‘ಸುಸ್ತಿನಿಂದ ಹಾಗಾಗಿದೆ’ ಎಂದು ಮನೆಯವರು ಸುಮ್ಮನಾಗಬಾರದು.

ವಾಂತಿಯಾದರೆ ಹತ್ತಿರದ ದವಾಖಾನೆಯಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಸಂಜೆಗೆ ಅಂಗಡಿಗೆ ಮರಳುವುದು ನಮ್ಮಲ್ಲಿ ಸಾಮಾನ್ಯ. ಬಿ1 ಬರಿದಾದ ಮೈಗೆ ಬರೀ ಗ್ಲೂಕೋಸ್ ಕೊಟ್ಟರೆ ತೊಂದರೆ ಹೆಚ್ಚಾಗಬಹುದು. ಆದುದರಿಂದ ಬಿ1 ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಯಾವ ವೈದ್ಯರ ಬಳಿ ಹೋದರೂ ‘ನನಗೆ ಇಂಥ ತಾರೀಕಿಗೆ ತೂಕ ಇಳಿಸುವ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ ಇದೆ, ಬಿ1 ಬೇಕೇ ನೋಡಿ’ ಎಂದು ಮೊದಲೇ ಹೇಳಿ. ಆಪರೇಷನ್ನಿನ ಹೆಸರು, ತಾರೀಕು, ಸರ್ಜನ್ ಅವರ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ. ಅದರ ನಕಲು ಗಲ್ಲಾದಲ್ಲೂ ಇರಲಿ.

ನಮ್ಮ ಗಿರಾಕಿಗಳಲ್ಲೂ ಇಂಥವರಿದ್ದಾರೆ

ಈ ಆಪರೇಷನ್ ಆದವರು ನಮ್ಮ ಹೋಟೆಲುಗಳಿಗೂ ಬರುತ್ತಾರೆ. ಅರ್ಧ ಪ್ಲೇಟ್ ಕೇಳಿದರೆ, ಒಂದು ಊಟವನ್ನು ಇಬ್ಬರು ಹಂಚಿಕೊಂಡರೆ, ಸಾಂಬಾರಿನ ಬದಲು ಖಾರವಿಲ್ಲದ ಬೇಳೆಕಟ್ಟು ಬೇಕೆಂದರೆ ನಮ್ಮ ಸಪ್ಲೈಯರುಗಳು ಮುಖ ಗಂಟಿಕ್ಕದಂತೆ ಹೇಳಿಕೊಡೋಣ. ‘ಊಟ ಚೆನ್ನಾಗಿರಲಿಲ್ಲವೇ’ ಎಂದು ಪದೇಪದೇ ಒತ್ತಾಯಿಸದೆ, ಉಳಿದದ್ದನ್ನು ಕಟ್ಟಿಕೊಟ್ಟರೆ ಅವರು ಮತ್ತೆ ನಮ್ಮಲ್ಲಿಗೇ ಬರುತ್ತಾರೆ.

ಬಾಂಧವರೇ, ಆಪರೇಷನ್ ಮುಗಿದಾಗ ಸರ್ಜನ್ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ. ನಮ್ಮ ಕೆಲಸ ಆಗ ಶುರುವಾಗುತ್ತದೆ. ಊರವರ ಊಟಕ್ಕೆ ನಾವು ಕೊಡುವ ಗಮನದಲ್ಲಿ ಅರ್ಧದಷ್ಟನ್ನು ನಮ್ಮ ತಟ್ಟೆಗೆ ಕೊಟ್ಟರೆ ವಾಕರಿಕೆಯ ಬಹುಭಾಗ ತಪ್ಪುತ್ತದೆ. ತಪ್ಪದಿದ್ದದ್ದನ್ನು ಮುಚ್ಚಿಡದೆ ವೈದ್ಯರ ಮುಂದೆ ಇಡೋಣ. ನಿಮ್ಮ ಮನೆಯಲ್ಲಿ, ನಿಮ್ಮ ಹೋಟೆಲಿನ ನೌಕರರಲ್ಲಿ ಈ ಆಪರೇಷನ್ ಆದವರಿದ್ದರೆ ಈ ಪುಟವನ್ನು ಅವರಿಗೂ ಓದಲು ಕೊಡಿ.