ಚುಕ್ಕಿ ರಂಗೋಲಿ, ಅಳಗುಳಿಮಣೆ ಮತ್ತು ಮೊದಲ ಪ್ರೋಗ್ರಾಮ್

ಕೆಮ್ಮಣ್ಣುಗುಂಡಿಗೆ ಹೋಗುವವರಿಗೆ ಲಿಂಗದಹಳ್ಳಿ ಎಂದರೆ ಹಾದಿಯಲ್ಲಿ ಸಿಗುವ ಒಂದು ಊರು. ಆದರೆ ಇಲ್ಲಿಂದ ತರೀಕೆರೆ, ಕಡೂರು, ಶಿವಮೊಗ್ಗದ ಕಡೆಗೆ ಬಸ್ಸು ಹಿಡಿದು ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಎಂದು ಹೊರಡುವ ಮಕ್ಕಳಿಗೆ ಅದೇ ಮನೆ. ಕಂಪ್ಯೂಟರ್ ಸೈನ್ಸ್ ಸೇರಿದ ಮೊದಲ ತಿಂಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: “ಸರ್ ಬರೆದಾಗ ಅರ್ಥ ಆಗುತ್ತೆ, ನಾನೇ ಬರೆಯೋಕೆ ಕೂತರೆ ಏನೂ ಹೊಳೆಯಲ್ಲ.” ಇದು ಬುದ್ಧಿಯ ಕೊರತೆಯಲ್ಲ, ಕೈ ಇನ್ನೂ ಪಳಗಿಲ್ಲ ಅಷ್ಟೆ. ಅಡಿಕೆ ಸುಲಿಯುವವರ ಪಕ್ಕ ಎಷ್ಟು ದಿನ ಕೂತು ನೋಡಿದರೂ ಮೆಟ್ಟುಗತ್ತಿ ನಮ್ಮ ಮಾತು ಕೇಳುವುದಿಲ್ಲ. ಕೈ ಪಳಗಿಸುವ ಕೆಲವು ದಾರಿಗಳು ಇಲ್ಲಿವೆ.

1. ಇಂಗ್ಲಿಷ್ ಭಯ ಬಿಡಿ. ಕನ್ನಡ ಮಾಧ್ಯಮದಿಂದ ಬಂದವರನ್ನು ಹೆಚ್ಚು ಕಾಡುವುದು ಇದೇ. 1989ರ ಪ್ರಮಾಣಿತ ಸಿ ಭಾಷೆಯಲ್ಲಿರುವ ಕೀವರ್ಡ್‌ಗಳು ಬರೀ 32. ಈಗಿನ ಪೈಥಾನ್‌ನಲ್ಲಿ 35. ಅಷ್ಟು ಪದ ಒಂದು ವಾರದ ಕೆಲಸ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ‘ತೂಕ’, ‘ದರ’ ಎಂದು ಕನ್ನಡದಲ್ಲೇ ಹೆಸರಿಟ್ಟರೂ ನಡೆಯುತ್ತದೆ. ಅಭ್ಯಾಸಕ್ಕೆ ಹಾಗೇ ಬರೆಯಿರಿ, ತರಗತಿಯಲ್ಲಿ ಅಲ್ಲಿನ ರೂಢಿ ಪಾಲಿಸಿ.

2. ಕಾಪಿ–ಪೇಸ್ಟ್ ಬೇಡ. ಪುಸ್ತಕದ ಪ್ರೋಗ್ರಾಮನ್ನು ಒಂದೊಂದು ಅಕ್ಷರವಾಗಿ ಟೈಪ್ ಮಾಡಿ. ಆಮೇಲೆ ಪುಸ್ತಕ ಮುಚ್ಚಿಟ್ಟು ಮತ್ತೊಮ್ಮೆ ಬರೆಯಿರಿ.

3. ರನ್ ಮಾಡುವ ಮೊದಲು ಉತ್ತರ ಹೇಳಿ. ಕಾಗದದ ಮೇಲೆ ಒಂದೊಂದು ವೇರಿಯಬಲ್‌ಗೆ ಒಂದೊಂದು ಕಾಲಂ ಎಳೆದು, ಲೂಪಿನ ಪ್ರತಿ ಸುತ್ತಿಗೂ ಬೆಲೆ ಹೇಗೆ ಬದಲಾಗುತ್ತದೆ ಎಂದು ಬರೆಯುತ್ತಾ ಹೋಗಿ. ಬಸ್ಸಿನಲ್ಲಿ ಕೂತೂ ಮಾಡಬಹುದು. ನಿಮ್ಮ ಉತ್ತರಕ್ಕೂ ಕಂಪ್ಯೂಟರಿನ ಉತ್ತರಕ್ಕೂ ಎಲ್ಲಿ ವ್ಯತ್ಯಾಸ ಬಂತೋ ಅಲ್ಲೇ ನಿಮಗೆ ತಿಳಿಯದ ವಿಷಯ ಅಡಗಿದೆ. ಈ ಪಟ್ಟಿಯಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

4. ಅಂಗಳದ ರಂಗೋಲಿಯನ್ನು ಪರದೆಗೆ ತನ್ನಿ. ಲೂಪಿನೊಳಗೆ ಲೂಪ್ ಎಂದಾಗ ತಲೆ ತಿರುಗುವವರು ಅಮ್ಮನ ಪಕ್ಕ ಒಮ್ಮೆ ಕೂರಬೇಕು. ನೇರ ಚುಕ್ಕಿ, 7ರಿಂದ 1: ನಡುವಿನ ಸಾಲಿನಲ್ಲಿ 7, ಅದರ ಮೇಲೂ ಕೆಳಗೂ 5, 3, 1. ಹೊರಗಿನ ಲೂಪ್ ಸಾಲು ಎಣಿಸುತ್ತದೆ, ಒಳಗಿನದು ಆ ಸಾಲಿಗೆ ಚುಕ್ಕಿ ಇಡುತ್ತದೆ. ಚುಕ್ಕಿಗಿಂತ ಮೊದಲು ಬಿಡುವ ಖಾಲಿ ಜಾಗಕ್ಕೆ ಇನ್ನೊಂದು ಲೂಪ್. ಇದು ಬಂದ ಮೇಲೆ ಸಂದು ಚುಕ್ಕಿ, 7ರಿಂದ 4 ಇಡಿ. ಮೊದಲ ಪ್ರೋಗ್ರಾಮಿನಲ್ಲಿ ಏನು ಬದಲಾಗಬೇಕು ಎಂದು ಯಾರನ್ನೂ ಕೇಳದೆ ಕಂಡುಕೊಳ್ಳಿ. ಮೊದಲನೆಯದರಲ್ಲಿ ಒಟ್ಟು 25 ಚುಕ್ಕಿ, ಎರಡನೆಯದರಲ್ಲಿ 37 ಬಂದರೆ ಲೆಕ್ಕ ಸರಿ.

5. ಅರೇ ಕಲಿಯಲು ಅಟ್ಟದ ಮೇಲಿನ ಅಳಗುಳಿಮಣೆ ಇಳಿಸಿ. ಅದರಲ್ಲಿ 14 ಗುಳಿ. ಅವಕ್ಕೆ 0ಯಿಂದ 13ರವರೆಗೆ ಸಂಖ್ಯೆ ಕೊಡಿ, ಅರೇ ಎಂದರೆ ಅದೇ. 11ನೇ ಗುಳಿಯ ನಾಲ್ಕು ಹುಣಿಸೆ ಬೀಜ ಎತ್ತಿ ಹಂಚಿದರೆ 12, 13, ಆಮೇಲೆ ಮತ್ತೆ 0, 1. ಹೀಗೆ ಸುತ್ತಿ ಬರುವುದಕ್ಕೇ ಶೇಷದ ಲೆಕ್ಕ ಬೇಕು: 11ಕ್ಕೆ 4 ಕೂಡಿ 14ರಿಂದ ಭಾಗಿಸಿದರೆ ಉಳಿಯುವುದು 1. ಇಲ್ಲದ 14ನೇ ಗುಳಿಗೆ ಬೀಜ ಹಾಕಲು ಹೋದರೆ ಪೈಥಾನ್ ಅಲ್ಲೇ ತಡೆದು ನಿಲ್ಲಿಸುತ್ತದೆ. ಸಿ ಭಾಷೆ ಹಾಗೆ ಕಾಯುವುದಿಲ್ಲ, ಪಕ್ಕದ ಮೆಮೊರಿಯನ್ನೇ ಕೆಡಿಸಿಬಿಡಬಹುದು. ಹಂಚುವ ಮೊದಲು, ಹಂಚಿದ ಮೇಲೆ ಬೀಜಗಳ ಮೊತ್ತ ನೋಡಿ. ಎರಡೂ ಒಂದೇ ಇಲ್ಲದಿದ್ದರೆ ಪ್ರೋಗ್ರಾಮ್ ಎಲ್ಲೋ ಬೀಜ ಕಳೆದಿದೆ.

6. ಎರರ್ ಬಂದರೆ ಪರದೆ ಅಳಿಸಬೇಡಿ, ಓದಿ. ಸಿ ಭಾಷೆಯಲ್ಲಿ ಮೊದಲ ಎರರ್ ಮೊದಲು ಸರಿಮಾಡಿ, ಕೆಳಗಿನ ಎಷ್ಟೋ ತಾವಾಗಿಯೇ ಹೋಗುತ್ತವೆ. ಸೆಮಿಕೋಲನ್ ಬಿಟ್ಟಿದ್ದರೆ ತೋರಿಸುವ ಸಾಲಿನ ಜೊತೆಗೆ ಅದರ ಮೇಲಿನ ಸಾಲನ್ನೂ ನೋಡಿ. ಪೈಥಾನ್‌ನಲ್ಲಾದರೆ ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. = ಮತ್ತು == ಬೇರೆ ಬೇರೆ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ.

7. ಊರ ಹೆಸರನ್ನು ಎಣಿಸಿ ನೋಡಿ. ‘ಲಿಂಗದಹಳ್ಳಿ’ಯಲ್ಲಿ ಎಷ್ಟು ಅಕ್ಷರ? ಲಿಂ, ಗ, ದ, ಹ, ಳ್ಳಿ, ನಮಗೆ ಐದು. ಪೈಥಾನ್ ಹೇಳುವುದು 10. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆ, ಅನುಸ್ವಾರ, ವಿರಾಮ ಎಲ್ಲಕ್ಕೂ ಒಂದೊಂದು ಪ್ರತ್ಯೇಕ ಸಂಕೇತ. ಹಾಗಾಗಿ ಪದವನ್ನು ಸುಮ್ಮನೆ ತಿರುಗಿಸಿದರೆ ಕನ್ನಡ ಮುರಿದುಬೀಳುತ್ತದೆ. ಐದು ಎಂದೇ ಹೇಳುವ ಪ್ರೋಗ್ರಾಮ್ ಬರೆಯಲು ಹೊರಟರೆ ಸ್ಟ್ರಿಂಗ್, ಲೂಪ್, ಷರತ್ತು ಮೂರೂ ಒಟ್ಟಿಗೆ ಬರುತ್ತವೆ. ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಕೊಟ್ಟರು, ಯು.ಬಿ. ಪವನಜ ಮಕ್ಕಳ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದರು. ಕನ್ನಡಕ್ಕಾಗಿ ಮಾಡಬೇಕಾದ ಇಂಥ ಕೆಲಸ ಇನ್ನೂ ಬೇಕಾದಷ್ಟಿದೆ. ಅದನ್ನು ನಮ್ಮ ಕಡೆಯ ಮಕ್ಕಳೇ ಮಾಡಲಿ ಎಂಬುದು ನನ್ನ ಆಸೆ.

8. ಲ್ಯಾಪ್‌ಟಾಪ್ ಇಲ್ಲ ಎಂದು ಕಾಯಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ ಹಾಕಿಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ಪೈಥಾನ್ ಓಡುತ್ತದೆ, ಮಳೆಗಾಲದಲ್ಲಿ ಅದು ದೊಡ್ಡ ಅನುಕೂಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಸಿ ಪಾಠಗಳು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ, ಉಚಿತವಾಗಿ.

9. ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ದಿನವೂ ಆಗಬೇಕು.

10. ಮನೆಯ ಲೆಕ್ಕಕ್ಕೆ ಒಂದು ಪ್ರೋಗ್ರಾಮ್ ಬರೆಯಿರಿ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು, ಒಂದೊಂದಕ್ಕೂ ತೂಕ ಮತ್ತು ಕ್ವಿಂಟಲ್ ದರ ಕೇಳಿ ಒಟ್ಟು ಮೊತ್ತ ಹೇಳಲಿ. ಸಿ ಭಾಷೆಯಲ್ಲಿ 250 ಕೆಜಿಯನ್ನು 100ರಿಂದ ಭಾಗಿಸಿದರೆ ಪೂರ್ಣಾಂಕದ ಲೆಕ್ಕದಲ್ಲಿ ಬರುವುದು 2, ಎರಡೂವರೆ ಅಲ್ಲ. ಅರ್ಧ ಕ್ವಿಂಟಲ್ ಅಡಿಕೆ ಹೋದದ್ದೇ ಗೊತ್ತಾಗುವುದಿಲ್ಲ! ಇಂಟ್, ಫ್ಲೋಟ್ ವ್ಯತ್ಯಾಸ ಒಮ್ಮೆ ಹೀಗೆ ತಟ್ಟಿದರೆ ಮತ್ತೆ ಮರೆಯುವುದಿಲ್ಲ. ಪ್ರೋಗ್ರಾಮ್ ಮುಗಿದ ಸಂಜೆ ಅಪ್ಪನ ಲೆಕ್ಕದ ಪುಸ್ತಕ ತೆರೆದು ಕಳೆದ ಫಸಲಿನ ಅಂಕಿಗಳನ್ನು ಅದಕ್ಕೆ ಕೊಡಿ. ತಾಳೆಯಾಗದಿದ್ದರೆ ತಪ್ಪು ನಿಮ್ಮ ಸಾಲಿನಲ್ಲಿದೆಯೋ ಪುಸ್ತಕದ ಸಾಲಿನಲ್ಲಿದೆಯೋ, ಇಬ್ಬರೂ ಜೊತೆಗೆ ಕೂತು ಹುಡುಕಿ.