ಅಮ್ಮನ ಮನೆಯ 335 ವಾಟ್

ನಮ್ಮ ಕಡೆ ಇನ್ವರ್ಟರ್ ಅನ್ನುವವರು ಕಡಿಮೆ. ಎಲ್ಲರ ಬಾಯಲ್ಲೂ ಅದು ಯುಪಿಎಸ್. ಎರಡು ವರ್ಷದ ಹಿಂದೆ ಮುಂಗಾರಿಗೆ ಮೊದಲಿನ ಗಾಳಿಮಳೆಗೆ ತಿಪಟೂರಿನ ಹತ್ತಿರದ ನಮ್ಮೂರಲ್ಲಿ ತೆಂಗಿನ ಮರವೊಂದು ತಂತಿಯ ಮೇಲೆ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಅಮ್ಮನ ಹಳೆಯ ಯುಪಿಎಸ್ ಮೊದಲ ರಾತ್ರಿಯೇ ಕೂಗಿ ಕೂಗಿ ಮಲಗಿತು. ಸೋಲಾರ್ ಹಾಕಿಸಿಬಿಡೋಣ ಅಂತ ಆಗಲೇ ತೀರ್ಮಾನಿಸಿದೆ. ಬಜೆಟ್ 35 ಸಾವಿರ, ಅದರ ಮೇಲೆ ಒಂದು ರೂಪಾಯಿ ಇಲ್ಲ.

ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ನನಗೆ ಬೇಕಾಗಿದ್ದದ್ದು ಎರಡು ಫ್ಯಾನು, ನಾಲ್ಕು ಬಲ್ಬು, ಒಂದು ಟಿವಿ, ಮೊಬೈಲ್ ಚಾರ್ಜಿಗೆ ಒಂದು ಪಾಯಿಂಟು. ಫ್ಯಾನುಗಳನ್ನು ಬಿಎಲ್‌ಡಿಸಿಗೆ ಬದಲಾಯಿಸಿದ್ದರಿಂದ ತಲಾ 30 ವಾಟ್. 9 ವಾಟ್‌ನ ಎಲ್ಇಡಿ ನಾಲ್ಕು. ಟಿವಿ 60. ಎಲ್ಲ ಸೇರಿದರೂ 170 ವಾಟ್ ದಾಟುವುದಿಲ್ಲ. ಇದಕ್ಕೆ 850 ವಿಎ ಇನ್ವರ್ಟರ್ ಧಾರಾಳ. 850 ವಿಎ ಅಂದರೆ 850 ವಾಟ್ ಅಲ್ಲ, 650ರಿಂದ 700 ಸಿಕ್ಕರೆ ಹೆಚ್ಚು. ಅಂಗಡಿಯವರು ಬಿಡಲಿಲ್ಲ. "ದೊಡ್ಡದು ತಗೊಳ್ಳಿ ಸಾರ್, ಮುಂದೆ ಫ್ರಿಜ್ಜಿಗೂ ಆಗುತ್ತೆ" ಅಂದರು. ಅವರು ತೋರಿಸಿದ ದೊಡ್ಡದು 24 ವೋಲ್ಟಿನದು. ಅಂದರೆ ಒಂದರ ಬದಲು ಎರಡು ಬ್ಯಾಟರಿ, ಇನ್ನೂ 15 ಸಾವಿರ. ಮುಂದೆಂದೋ ಬರುವ ಫ್ರಿಜ್ಜಿಗೆ ಇವತ್ತೇ ಬಾಡಿಗೆ ಕಟ್ಟಲು ನನಗೆ ಮನಸ್ಸಾಗಲಿಲ್ಲ. ಆ ಮಟ್ಟಿಗೆ ನಾನು ಜಾಣ.

ಇನ್ವರ್ಟರ್ 6,200 ರೂಪಾಯಿ, ಶುದ್ಧ ಸೈನ್ ವೇವ್‌ನದು. ಸ್ಕ್ವೇರ್ ವೇವ್‌ನದು ಇನ್ನೂ ಅಗ್ಗ, ಆದರೆ ಅದಕ್ಕೆ ಹಾಕಿದ ಮಾಮೂಲಿ ಫ್ಯಾನು ರಾತ್ರಿಯಿಡೀ ಜೇನಿನ ಹಾಗೆ ಗುಂಯ್‌ಗುಡುತ್ತದೆ. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ 14,800. ಸ್ಟ್ಯಾಂಡು, ವೈರು, ಅರ್ಥಿಂಗ್, ಕೂಲಿ ಸೇರಿ 4,500. ಎಡವಿದ್ದು ಪ್ಯಾನೆಲ್ಲಿನಲ್ಲಿ. 165 ವಾಟ್‌ನದು 5,900, 335 ವಾಟ್‌ನದು 9,400. ಎರಡು ಚಿಕ್ಕದಕ್ಕೆ 11,800 ಕೊಡುವುದಕ್ಕಿಂತ ಒಂದು ದೊಡ್ಡದು ತಂದರೆ 2,400 ಉಳಿಯಿತಲ್ಲ ಅಂತ ಲೆಕ್ಕ ಹಾಕಿದೆ. ಅಂಗಡಿಯವರೂ ತಲೆಯಾಡಿಸಿದರು.

ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಗಾಳಿ, ಮತ್ತೆ ಮರ. ಹಗಲೆಲ್ಲ ಸುಡುಬಿಸಿಲು, ಆದರೂ ಎರಡನೇ ರಾತ್ರಿ ಒಂಬತ್ತಕ್ಕೇ ಯುಪಿಎಸ್ ಕೂಗತೊಡಗಿತು. "ಬಿಸಿಲು ಪುಕ್ಕಟೆ ಅಂತ ಇಷ್ಟೊಂದು ದುಡ್ಡು ಸುರಿದ್ಯಲ್ಲಪ್ಪಾ" ಅಂತ ಅಮ್ಮ ಫೋನಿನಲ್ಲಿ ನಕ್ಕರು. ಊರಿಗೆ ಹೋಗಿ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆ. ನೆತ್ತಿಯ ಮೇಲೆ ಸೂರ್ಯ ಇರುವಾಗ ಅವನು ಬ್ಯಾಟರಿಯ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿದ. ಎಂಟೂವರೆ ಆಂಪಿಯರ್. ಬ್ಯಾಟರಿ 13 ವೋಲ್ಟ್. ಗುಣಿಸಿದರೆ 110 ವಾಟ್. ಉಳಿದ ಇನ್ನೂರು ಚಿಲ್ಲರೆ ವಾಟ್ ಎಲ್ಲಿ ಹೋಯಿತು?

ಪ್ಯಾನೆಲ್ ಬೆನ್ನಿಗೆ ಅಂಟಿಸಿದ ಚೀಟಿಯಲ್ಲೇ ಉತ್ತರ ಇತ್ತು. ಈ 335 ವಾಟ್‌ನದು 72 ಸೆಲ್ಲಿನ ಪ್ಯಾನೆಲ್. ಸುಮಾರು 38 ವೋಲ್ಟಿನಲ್ಲಿ 9 ಆಂಪಿಯರಿನಷ್ಟು ಕೊಡುತ್ತದೆ. ನಾನು ತಂದ ಅಗ್ಗದ ಇನ್ವರ್ಟರಿನ ಒಳಗಿದ್ದದ್ದು ಪಿಡಬ್ಲ್ಯುಎಂ ಚಾರ್ಜರ್. ಅದು ಆಂಪಿಯರನ್ನು ಹಾಗೆಯೇ ಬಿಡುತ್ತದೆ, ವೋಲ್ಟನ್ನು ಮಾತ್ರ ಬ್ಯಾಟರಿಯ ಮಟ್ಟಕ್ಕೆ ಎಳೆದು ಹಾಕುತ್ತದೆ. ತೆಂಗಿನ ಸೀಮೆಯವರಿಗೆ ಹೀಗೆ ಹೇಳಿದರೆ ತಿಳಿದೀತು: 38 ರೂಪಾಯಿಯ ಒಂಬತ್ತು ಕಾಯಿಯನ್ನು ಸಂತೆಗೆ ಹೊತ್ತು ಹೋಗಿ, ಒಂದಕ್ಕೆ 13ರಂತೆ ಕೊಟ್ಟು ಬಂದ ಹಾಗೆ. ಕಾಯಿಯ ಎಣಿಕೆ ಸರಿಯಾಗಿದೆ, ಜೇಬಿಗೆ ಬಂದದ್ದು ಮೂರರಲ್ಲಿ ಒಂದು ಪಾಲು. 36 ಸೆಲ್ಲಿನ 165 ವಾಟ್ ಪ್ಯಾನೆಲ್ ಕೂಡ ಇದೇ 9 ಆಂಪಿಯರನ್ನು 18 ವೋಲ್ಟಿನಲ್ಲಿ ಕೊಡುತ್ತದೆ. ಅಂದರೆ ಅದೊಂದೇ ಇದ್ದಿದ್ದರೂ ನನ್ನ ಬ್ಯಾಟರಿಗೆ ಇಷ್ಟೇ ಬರುತ್ತಿತ್ತು, ಎರಡು ಇದ್ದಿದ್ದರೆ ಇದರ ಎರಡರಷ್ಟು.

ಲೆಕ್ಕ ಇನ್ನೂ ಕೆಟ್ಟದ್ದಿದೆ. ದಿನಕ್ಕೆ ನಾಲ್ಕು ಗಂಟೆ ಪೂರಾ ಬಿಸಿಲು ಅಂತ ಹಿಡಿದರೆ 110 ವಾಟ್‌ನಿಂದ ಅರ್ಧ ಯೂನಿಟ್ಟೂ ಹುಟ್ಟುವುದಿಲ್ಲ. ಇನ್ವರ್ಟರ್ ಸುಮ್ಮನೆ ಆನ್ ಆಗಿ ಕೂತಿದ್ದರೂ 15 ವಾಟ್ ತಿನ್ನುತ್ತದೆ. 24 ಗಂಟೆಗೆ 360 ವಾಟ್-ಅವರ್. ಪ್ಯಾನೆಲ್ ದುಡಿದದ್ದರಲ್ಲಿ ಬಹುಪಾಲನ್ನು ಇನ್ವರ್ಟರೇ ಉಂಡು, ಅಮ್ಮನ ಫ್ಯಾನಿಗೆ ಚೂರು ಉಳಿಸುತ್ತಿತ್ತು.

ಒಂದು ಅದೃಷ್ಟ. ಆ ಇನ್ವರ್ಟರ್ 50 ವೋಲ್ಟಿನವರೆಗೆ ತಡೆಯುವಂಥದ್ದು. ಲೋಡ್ ಇಲ್ಲದಾಗ ಈ ಪ್ಯಾನೆಲ್ 46 ವೋಲ್ಟ್ ಮುಟ್ಟುತ್ತದೆ. 25 ವೋಲ್ಟಿಗೇ ಮಿತಿ ಇರುವ 12 ವೋಲ್ಟಿನ ಮಾಡೆಲ್‌ಗಳು ಎಷ್ಟೋ ಇವೆ. ಅಂಥದ್ದಾಗಿದ್ದರೆ ಮೊದಲ ದಿನವೇ ಸುಟ್ಟ ವಾಸನೆ ಬರುತ್ತಿತ್ತು.

ಹೆಚ್ಚುವರಿ ವೋಲ್ಟನ್ನು ಆಂಪಿಯರಾಗಿ ಬದಲಾಯಿಸಿ ಕೊಡುವ ಎಂಪಿಪಿಟಿ ಕಂಟ್ರೋಲರನ್ನು ಬೇರೆಯಾಗಿ ತಂದು ನೇರ ಬ್ಯಾಟರಿಗೆ ಕೊಡಿಸಿದೆ. 30 ಆಂಪಿಯರಿನದು, 5,200 ರೂಪಾಯಿ. ಈಗ ಮಧ್ಯಾಹ್ನ 20 ಆಂಪಿಯರ್ ಬರುತ್ತದೆ. ಅದಕ್ಕೂ ಮೊದಲು ಆನ್‌ಲೈನಿನಲ್ಲಿ 700 ರೂಪಾಯಿಯ 'ಎಂಪಿಪಿಟಿ' ಕಂಡು ಮರುಳಾಗಿದ್ದೆ. ಹುಡುಗ ತಡೆದ. ನಿಜವಾದ ಎಂಪಿಪಿಟಿಯ ಒಳಗೆ ತಾಮ್ರದ ಸುರುಳಿ ಇರುತ್ತದಾದ್ದರಿಂದ ಅದು ತೂಕವಿರುತ್ತದೆ, ಅಂಗೈಯಲ್ಲಿ ಹಗುರಾಗಿ ಕೂತರೆ ಅದು ಹೆಸರಿಗಷ್ಟೇ ಎಂಪಿಪಿಟಿ ಅಂದ. ಹೋಗುವಾಗ ಪ್ಯಾನೆಲ್ ಮೇಲೆ ನೆರಳು ಚೆಲ್ಲುತ್ತಿದ್ದ ಎರಡು ಗರಿಗಳನ್ನೂ ಕಡಿದು ಹೋದ. ಆ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಭಾವ ಆಗಲೇ ಹೇಳಿದ್ದರು, ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ ಹಾಕಿಸು ಅಂತ. 2024ರ ಫೆಬ್ರವರಿಯಲ್ಲಿ ಶುರುವಾದ ಅದರಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ತಿಂಗಳಿಗೆ ಮುನ್ನೂರು ಯೂನಿಟ್ ಉರಿಸುವ ಮನೆಗೆ ಒಳ್ಳೆಯದೇ. ಆದರೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಇನ್ವರ್ಟರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತಲೇ ಹಾಗೆ ಮಾಡಿದ್ದಾರೆ. ಅಮ್ಮನಿಗೆ ಬೇಕಾದದ್ದು ಕರೆಂಟ್ ಹೋದಾಗಿನ ಬೆಳಕು.

ಒಟ್ಟು ಖರ್ಚು 40,100. ಇದರಲ್ಲಿ ಇನ್ವರ್ಟರ್, ಬ್ಯಾಟರಿ ಬಿಟ್ಟು ಬಿಸಿಲಿಗೆಂದೇ ಹಾಕಿದ್ದು 19,100. ಅಮ್ಮನ ಮನೆ ತಿಂಗಳಿಗೆ 60 ಯೂನಿಟ್ ದಾಟುವುದಿಲ್ಲ, ಗೃಹಜ್ಯೋತಿಯಿಂದಾಗಿ ಬಿಲ್ಲು ಮೊದಲೇ ಸೊನ್ನೆ. ಹಾಗಾಗಿ ಸೋಲಾರಿನಿಂದ ಬಿಲ್ಲಿನಲ್ಲಿ ಉಳಿದದ್ದೂ ಸೊನ್ನೆ. ವರ್ಷಕ್ಕೆ ಮೂರ್ನಾಲ್ಕು ಸಲ ದಿನಗಟ್ಟಲೆ ಕತ್ತಲಾಗುವ ಊರಾದ್ದರಿಂದ ನಾನು ಇದನ್ನು ನಷ್ಟ ಅನ್ನುವುದಿಲ್ಲ. ನಿಮ್ಮಲ್ಲಿ ಕರೆಂಟ್ ಹೋಗುವುದು ಎರಡು ಮೂರು ಗಂಟೆ ಮಾತ್ರವಾದರೆ ಮಾಮೂಲಿ ಯುಪಿಎಸ್ಸೇ ಸಾಕು, 21 ಸಾವಿರದಲ್ಲಿ ಮುಗಿಯುತ್ತದೆ. ಸೋಲಾರೇ ಬೇಕು ಅಂದರೆ, ದುಡ್ಡು ಎಣಿಸುವ ಮೊದಲು ಪ್ಯಾನೆಲ್ಲನ್ನು ಮಗುಚಿ ಆ ಚೀಟಿ ಓದಿ.