ನೆಲೆ ತಪ್ಪುವ ಮೊದಲು ಮಾಡತಕ್ಕ ಕೆಲಸ



ಬೀಜ, ಗೊಬ್ಬರ, ಪೈರಿನ ರೋಗಗಳ ವಿಚಾರ ಹೇಳುವವನು ಈ ಸಲ ಸಂಸಾರದ ವಿಚಾರ ಎತ್ತಿದನಲ್ಲ ಎಂದು ನಿಮಗೆ ಅನ್ನಿಸಬಹುದು. ಬೆಳೆ ಒಂದು ವರ್ಷ ಹೋದರೆ ಮರುವರ್ಷ ಬಂದೀತು. ನಿಲ್ಲುವ ನೆಲೆ ಕಳೆದುಕೊಂಡ ಹೆಂಗಸಿಗೆ, ಮೀಸೆ ಮೂಡುವ ವಯಸ್ಸಿನ ಹುಡುಗನಿಗೆ ಅದು ಮತ್ತೆ ಸಿಕ್ಕುವುದು ಬಹಳ ಕಷ್ಟ. ಆದುದರಿಂದ ಈ ಪಾಠ.

ಕೆರೆಯ ಏರಿ ಒಂದೇ ರಾತ್ರಿಯಲ್ಲಿ ಒಡೆಯಿತೆಂದು ನಾವು ಹೇಳುತ್ತೇವೆ. ನಿಜವಾಗಿ ನೋಡಿದರೆ ಅದಕ್ಕೆ ಹಲವು ದಿನ ಮೊದಲೇ ಏರಿಯ ಬುಡದಲ್ಲಿ ನೀರು ಜಿನುಗುತ್ತಿರುತ್ತದೆ. ಆಗ ನಾಲ್ಕು ಬುಟ್ಟಿ ಮಣ್ಣು ಸಾಕು. ಒಡೆದ ಮೇಲೆ ಊರೆಲ್ಲ ಸೇರಿದರೂ ಸಾಲದು. ಬಸ್ ನಿಲ್ದಾಣದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಕಳೆಯುವ ತಾಯಿಯೂ, ಬೆಂಗಳೂರಿನ ಅಂಗಡಿ ಜಗಲಿಯ ಮೇಲೆ ಮಲಗುವ ಹುಡುಗನೂ ಒಂದೇ ದಿನದಲ್ಲಿ ಅಲ್ಲಿಗೆ ಹೋದವರಲ್ಲ. ಅವರ ಮನೆಯಲ್ಲಿಯೂ ಬಹಳ ದಿನದಿಂದ ನೀರು ಜಿನುಗುತ್ತಿತ್ತು.

ಗುರುತುಗಳು ಯಾವುವು?

ಗಂಡ ತೀರಿಹೋಗಿ ವರ್ಷವಾದರೂ ಖಾತೆ ಬದಲಾಗದಿರುವುದು. ಹೆಂಗಸು ಪದೇಪದೇ ತವರಿಗೆ ಬಂದು, ಹೇಳದೆಯೇ ಹಿಂದಿರುಗುವುದು. ಮೈಮೇಲೆ ಪೆಟ್ಟಿನ ಗುರುತು. ಹುಡುಗಿ ಇದ್ದಕ್ಕಿದ್ದಂತೆ ಶಾಲೆ ಬಿಡುವುದು. ಪರೀಕ್ಷೆಯಲ್ಲಿ ತಪ್ಪಿದ ಹುಡುಗ ಮನೆಯಲ್ಲಿ ಉಣ್ಣದೆ ಹೊರಗೇ ಮಲಗುವುದು. ಇವುಗಳಲ್ಲಿ ಒಂದು ಕಂಡರೂ ಸುಮ್ಮನಿರಬಾರದು.

ಮೊದಲನೆಯ ಕೆಲಸ: ಕಾಗದದಲ್ಲಿ ಹೆಸರು

ಒಂದು ಸಂಸಾರವನ್ನು ಎಣಿಸಿಕೊಳ್ಳಿ. ಸುವರ್ಣಾವತಿಯ ಬಯಲಿನಲ್ಲಿ ಎರಡು ಎಕರೆ ಗದ್ದೆ, ಊರೊಳಗೆ ಹಂಚಿನ ಮನೆ. ಯಜಮಾನ ಸತ್ತ. ಪಹಣಿ ಇನ್ನೂ ಅವನ ತಂದೆಯ ಹೆಸರಿನಲ್ಲೇ ಇದೆ. ಎರಡು ವರ್ಷ ಮೈದುನಂದಿರು ಕಾಳು ಅಳೆದು ಕೊಡುತ್ತಾರೆ. ಮೂರನೆಯ ವರ್ಷ ಮಾತಿಗೆ ಮಾತು ಬೆಳೆಯುತ್ತದೆ. ನಾಲ್ಕನೆಯ ವರ್ಷ ಆ ಹೆಂಗಸು ಮಕ್ಕಳ ಕೈ ಹಿಡಿದು ಹೊರಡುತ್ತಾಳೆ. ಅವಳಿಗೆ ಹಕ್ಕು ಇರಲಿಲ್ಲವೆಂದಲ್ಲ. ಹಕ್ಕು ಇತ್ತು, ಕಾಗದ ಇರಲಿಲ್ಲ.

1956ನೆಯ ಇಸವಿಯ ಹಿಂದೂ ಉತ್ತರಾಧಿಕಾರ ಶಾಸನದ ಪ್ರಕಾರ, ಉಯಿಲು ಬರೆಯದೆ ಸತ್ತವನ ಆಸ್ತಿಯಲ್ಲಿ ಹೆಂಡತಿಗೆ, ತಾಯಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮನಾದ ಪಾಲು. ಪಿತ್ರಾರ್ಜಿತದಲ್ಲಿ ಅವನಿಗೆ ಸೇರತಕ್ಕ ಪಾಲೂ ಹೀಗೆಯೇ ಹಂಚಿಹೋಗುತ್ತದೆ. ಆದರೆ ಸಾಲ, ಬೆಳೆವಿಮೆ, ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆದುದರಿಂದ ಸಾವನ್ನು 21 ದಿನದೊಳಗೆ ನೋಂದಾಯಿಸಿ. ಮರಣ ಪತ್ರ, ವಂಶವೃಕ್ಷ ತೆಗೆದುಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. 1964ರ ಭೂಕಂದಾಯ ಶಾಸನವು ಇದಕ್ಕೆ ಮೂರು ತಿಂಗಳ ಗಡುವು ಹೇಳುತ್ತದೆ. ಗಡುವು ದಾಟಿದವರೂ ಕೈಕಟ್ಟಿ ಕೂರಬಾರದು, ಇಂದೇ ಕೊಡಿ.

ಹೆಣ್ಣುಮಕ್ಕಳ ವಿಚಾರದಲ್ಲಿ ಒಂದು ಮಾತು. ಅಣ್ಣತಮ್ಮಂದಿರಿಗೆ ಇದು ಕಹಿಯಾಗಬಹುದು. 1956ರ ಶಾಸನದಲ್ಲಿ, ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ಮಗಳು ತಂದೆಯ ಮನೆಯಲ್ಲಿ ಭಾಗ ಕೇಳುವಂತಿರಲಿಲ್ಲ. 2005ರಲ್ಲಿ ಆ ಕಲಮನ್ನು ತೆಗೆದುಹಾಕಿದರು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಹಕ್ಕನ್ನು ನಮ್ಮ ರಾಜ್ಯ 1994ರಲ್ಲಿಯೇ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಕೊಟ್ಟಿತ್ತು. 2005ರ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ತಂಗಿಯನ್ನು ಕರೆದು, ಸೀರೆ ಕೊಟ್ಟು, ಓದಿ ಹೇಳದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ರೂಢಿಯನ್ನು ಬಿಡಿ. ನಾಳೆ ಅವಳ ಗಂಡನ ಮನೆಯ ಬಾಗಿಲು ಮುಚ್ಚಿದರೆ, ಅವಳಿಗೆ ಉಳಿಯುವುದು ತವರಿನ ಒಂದು ಕೋಣೆಯೇ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಯನ್ನು ಹೆಂಗಸಿನ ಹೆಸರಿಗೆ ಅಥವಾ ದಂಪತಿಗಳ ಜಂಟಿ ಹೆಸರಿಗೆ ಕೊಡುವುದೇ ಸಾಮಾನ್ಯ ನಿಯಮ. ಬಿಳಿಗಿರಿರಂಗನ ಬೆಟ್ಟದ ಮತ್ತು ಹನೂರು ಕಡೆಯ ಪೋಡುಗಳ ಸೋಲಿಗ ಬಂಧುಗಳಿಗೂ ಇದು ಅನ್ವಯಿಸುವ ಮಾತು: 2006ರ ಅರಣ್ಯ ಹಕ್ಕು ಶಾಸನದಂತೆ ಮದುವೆಯಾದವರ ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರತಕ್ಕದ್ದು. ನಿಮ್ಮ ಪತ್ರದಲ್ಲಿ ಇದೆಯೇ ನೋಡಿಕೊಳ್ಳಿ.

ಎರಡನೆಯ ಕೆಲಸ: ಹೊರಗೆ ಹಾಕುವುದನ್ನು ತಡೆಯುವುದು

ಗಂಡ ಹೊಡೆದಾಗ ಹೆಂಗಸೇ ಮನೆ ಬಿಟ್ಟು ಹೋಗಬೇಕೆಂದು ಊರಿನಲ್ಲಿ ತಿಳಿದಿದ್ದಾರೆ. ಅದು ತಪ್ಪು. 2005ರ ಕೌಟುಂಬಿಕ ಹಿಂಸೆ ತಡೆ ಶಾಸನದ ಪ್ರಕಾರ, ಮನೆ ಯಾರ ಹೆಸರಿನಲ್ಲಿಯೇ ಇರಲಿ, ಸಂಸಾರ ನಡೆಸಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅದು ಅತ್ತೆಮಾವಂದಿರ ಮನೆಯಾದರೂ ಆಗಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಈ ಶಾಸನ ಎಲ್ಲ ಮತದವರಿಗೂ ಒಂದೇ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇದಕ್ಕೆ ಸಂರಕ್ಷಣಾಧಿಕಾರಿಗಳು. ಅಂಗನವಾಡಿಯ ಕಾರ್ಯಕರ್ತೆಗೆ ಹೇಳಿದರೂ ಸುದ್ದಿ ಅವರಿಗೆ ಮುಟ್ಟುತ್ತದೆ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನು ಮಾಡಿ.

ಅಂದೇ ರಾತ್ರಿ ಜೀವಕ್ಕೆ ಅಪಾಯವಿದ್ದರೆ ಹಕ್ಕಿನ ಮಾತು ಆಮೇಲೆ. ಮೊದಲು 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ತಿಳಿಸಿ. ಜಿಲ್ಲೆಯ ಸಖಿ ಕೇಂದ್ರದಲ್ಲಿ ಕೆಲವು ದಿನ ತಂಗುವ ಏರ್ಪಾಡು, ವೈದ್ಯರ ನೆರವು, ಪೊಲೀಸರ ನೆರವು ಒಂದೇ ಕಡೆ ದೊರೆಯುತ್ತವೆ. ಪಂಚಾಯಿತಿ ಕಟ್ಟೆಯ ಹಿರಿಯರು "ಹೊಂದಿಕೊಂಡು ಹೋಗಮ್ಮ" ಎಂದು ಬುದ್ಧಿ ಹೇಳಿ ಕಳುಹಿಸುವ ಮುನ್ನ, ಹೊಡೆಯುವವನಿಗೆ ಏನು ಹೇಳಿದೆವು ಎಂದು ತಮ್ಮನ್ನೇ ಕೇಳಿಕೊಳ್ಳಲಿ.

ಮೂರನೆಯ ಕೆಲಸ: ಹುಡುಗ ಹುಡುಗಿಯರು ಊರಿನಲ್ಲಿ ಉಳಿಯುವ ಹಾಗೆ

ತಂದೆ ಇಲ್ಲದ, ಅಥವಾ ತಾಯಿ ಒಬ್ಬಳೇ ದುಡಿಯುವ ಬಡ ಮನೆಯ ಮಕ್ಕಳು ಮನೆಯಲ್ಲೇ ಇದ್ದು ಓದಲೆಂದು ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವದ ಮಾಸಿಕ ಧನಸಹಾಯವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಬೇಕು. ಶಾಲೆ ಬಿಟ್ಟ ಮೇಲೆ ಹಾಕುವುದಕ್ಕಿಂತ ಬಿಡುವ ಮೊದಲೇ ಹಾಕುವುದು ಲೇಸು. ಬಾಲಮಂದಿರದಲ್ಲಿ ಬೆಳೆದವರು 18 ತುಂಬಿದ ದಿನ ಬೀದಿಗೆ ಬೀಳಬಾರದೆಂದು 2015ರ ಬಾಲನ್ಯಾಯ ಶಾಸನ 21 ವರ್ಷದವರೆಗೆ ಅನುಪಾಲನೆಗೆ ಅವಕಾಶ ಕೊಟ್ಟಿದೆ. ಬಾಲಮಂದಿರ ಸೇರಿದ ಮಗು ನಿಮ್ಮ ಊರಿನದಾದರೆ, ಅದು ಹೊರಬರುವ ವರ್ಷವನ್ನು ನೆನಪಿಟ್ಟುಕೊಳ್ಳಿ. ಮಕ್ಕಳ ಯಾವ ಕಷ್ಟಕ್ಕೂ 1098.

ದುಡಿಮೆ ಕಲಿಯಬೇಕಾದವರಿಗೆ ನಮ್ಮ ನಾಡಿನದೇ ದಾರಿಯಿದೆ. 1982ರಲ್ಲಿ ಉಜಿರೆಯಲ್ಲಿ ಮೊದಲಾದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ಯುವಕರಿಗೆ ಊಟ ವಸತಿ ಸಹಿತ ಉಚಿತ ಶಿಕ್ಷಣ ಕೊಟ್ಟಿತು. ಆ ಮಾದರಿಯನ್ನೇ ದೇಶವೆಲ್ಲ ಹಿಡಿದು, ಬ್ಯಾಂಕುಗಳ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಹುಟ್ಟಿದವು. ಹೊಲಿಗೆ, ಮೋಟಾರು ರಿಪೇರಿ, ಹೈನುಗಾರಿಕೆ ಮುಂತಾದವನ್ನು ಕಲಿಸುತ್ತಾರೆ. ಕೈಯಲ್ಲಿ ಕೆಲಸವಿದ್ದ ಹುಡುಗನಿಗೆ ಮನೆಯವರ ಬೈಗುಳ ಅಷ್ಟು ಭಾರವಾಗುವುದಿಲ್ಲ.

ಮುಂಚೆಯೇ ನೆರವಾಗುವುದು ಬರಿಯ ಒಳ್ಳೆಯ ಮಾತಲ್ಲ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ 2014ರಲ್ಲಿ ಶಾಸನವನ್ನೇ ಮಾಡಿದರು: ಇನ್ನು 56 ದಿನದೊಳಗೆ ಒಬ್ಬರು ಮನೆ ಕಳೆದುಕೊಳ್ಳುವ ಸಂಭವವಿದ್ದರೆ, ಕಳೆದುಕೊಳ್ಳುವ ಮೊದಲೇ ಸ್ಥಳೀಯ ಆಡಳಿತ ನೆರವಿಗೆ ಬರಬೇಕು. ನಮಗೆ 56 ದಿನ ಬೇಡ. ನೆರೆಮನೆಯ ಅಡಿಗೆ ಒಲೆ ಹೊತ್ತಿಲ್ಲವೆಂಬುದು ನಮಗೆ ಅದೇ ಸಂಜೆ ತಿಳಿಯುತ್ತದೆ.

ಮುಂದಿನ ಗ್ರಾಮಸಭೆಯೊಳಗೆ ಪ್ರತಿಯೊಬ್ಬರೂ ಮಾಡತಕ್ಕದ್ದು:

1. ನಿಮ್ಮ ಪಹಣಿಯನ್ನೂ ಮನೆಯ ಇ-ಸ್ವತ್ತು ಪತ್ರವನ್ನೂ ತೆಗೆದು, ಸತ್ತವರ ಹೆಸರು ಇನ್ನೂ ಇದೆಯೇ ನೋಡಿ.
2. ನಿಮ್ಮ ಬೀದಿಯಲ್ಲಿ ಗಂಡನಿಲ್ಲದ ಹೆಂಗಸಿದ್ದರೆ, ಖಾತೆಯೂ ವಿಧವಾ ವೇತನವೂ ಆಗಿದೆಯೇ ಕೇಳಿ. ಆಗದಿದ್ದರೆ ನಾಡಕಚೇರಿಗೆ ಜೊತೆಯಲ್ಲಿ ಹೋಗಿ.
3. ಶಾಲೆ ಬಿಟ್ಟ ಮಕ್ಕಳ ಹೆಸರನ್ನು ಮಾಸ್ತರರಿಂದ ತಿಳಿದು ಪಂಚಾಯಿತಿಗೆ ಕೊಡಿ.
4. 181, 1098, 112, 15100 — ಈ ನಾಲ್ಕು ಅಂಕಿಗಳನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆಯಿಸಿ. ಹೊರಗಿನ ಜಗಲಿಯಲ್ಲಲ್ಲ, ಒಳಗೆ, ಹೆಂಗಸರ ಕಣ್ಣಿಗೆ ಬೀಳುವಲ್ಲಿ.